ಕೊನೆಯ ಹಾಡಿನ ಶ್ರುತಿ

ತನ್ನ ತಪ್ಪು ಅವಳಿಗೆ ಹೊಳೆದದ್ದು ಮೂರನೆಯ ಹಾಡಿನ ನಡುವೆ. ವೇದಿಕೆಯ ಪಕ್ಕದ ಮೆಟ್ಟಿಲ ಮೇಲೆ ಕೂತು ಎಂದಿನಂತೆ ಪುಟ್ಟ ಡೈರಿಯಲ್ಲಿ ಏನನ್ನೋ ಗೀಚುತ್ತಿದ್ದವಳು ಹೊಸ ಸಾಲಿನಲ್ಲಿ ಬರೆದಳು: 'ಕೊನೆಯ ಹಾಡಿಗೆ ಹಳೆಯ ಶ್ರುತಿಯ ಪಟ್ಟಿ ಕೊಟ್ಟುಬಿಟ್ಟಿದ್ದೇನೆ. ಯಾರಿಗಾದರೂ ಹೇಳಬೇಕು. ನಾನೇ ಹೇಳಬೇಕು.' ಕೊನೆಯ ವಾಕ್ಯಕ್ಕೆ ಅಡಿಗೆರೆ ಎಳೆದಳು. ಡೈರಿ ಮುಚ್ಚಿದಳು. ಎದ್ದು ಹೋಗಿ ಮಾತ್ರ ಹೇಳಲಿಲ್ಲ.

ಬೇಸಿಗೆಯ ಸಂಗೀತೋತ್ಸವ, ಸಂಜೆ ನಾಲ್ಕರ ಬಿಸಿಲು. ಮೈದಾನದ ಹುಲ್ಲಿನ ಮೇಲೆ ಟೋಪಿಗಳು, ಕೊಡೆಗಳು, ಕಳಚಿಟ್ಟ ಚಪ್ಪಲಿಗಳು. ವೇದಿಕೆಯ ಮೇಲೆ ಅವಳ ದೊಡ್ಡಮ್ಮ, ನಲವತ್ತೈದು ವರ್ಷದಿಂದ ಸೋಲ್, ಫಂಕ್ ಎಂಬ ಅಮೆರಿಕನ್ ಧಾಟಿಯ ಹಾಡು ಹಾಡುತ್ತ ಬಂದವಳು. ವಯಸ್ಸು ಎಪ್ಪತ್ತೊಂದು. ಬೆಳಿಗ್ಗೆ ಹೋಟೆಲಿನ ಮೆಟ್ಟಿಲಿಳಿಯಲು ಇಬ್ಬರ ಕೈ ಬೇಡಿದ್ದವಳು ಈಗ ಡ್ರಮ್ಮಿನ ಒಂದೊಂದು ಏಟಿಗೂ ಸೊಂಟದಲ್ಲೇ ಉತ್ತರ ಕೊಡುತ್ತಿದ್ದಳು.

'ಚಿಲಕ ಹಾಕಿಲ್ಲ, ಬಾ' ಎಂಬ ಕೊನೆಯ ಹಾಡನ್ನು ಕೇಳಲೆಂದೇ ಅರ್ಧ ಜನ ಬರುತ್ತಾರೆ. ಅದರ ತುದಿಯಲ್ಲಿ 'ಬಾ' ಎಂಬ ಒಂದೇ ಅಕ್ಷರ ಏಣಿ ಹತ್ತಿದಂತೆ ಹತ್ತಿ, ಮೇಲೆ ಹೋಗಿ ನಿಲ್ಲಬೇಕು. ಆರು ವರ್ಷದ ಹಿಂದೆ ಒಮ್ಮೆ ಅಲ್ಲಿ ಗಂಟಲು ಜಾರಿತ್ತು. ಆಮೇಲಿಂದ ಬೇಸ್ ಗಿಟಾರಿನ ಮಾಮ ಆ ಹಾಡನ್ನು ಸ್ವರದ ಎರಡು ಮನೆ ಕೆಳಗಿನ ಶ್ರುತಿಗೆ ಇಳಿಸಿಬಿಟ್ಟಿದ್ದ, ದೊಡ್ಡಮ್ಮನಿಗೆ ತಿಳಿಯದಂತೆ. ಅವಳ ಕಾಲ ಬಳಿ ಅಂಟಿಸುವ ಹಾಡುಗಳ ಪಟ್ಟಿಯಲ್ಲಿ ಹಳೆಯ ಶ್ರುತಿ, ವಾದ್ಯದವರ ಪಟ್ಟಿಯಲ್ಲಿ ಹೊಸದು. ಡಿಗ್ರಿ ಮುಗಿಸಿ ಈ ಬೇಸಿಗೆ ತಂಡದ ಜೊತೆ ಹೊರಟಿದ್ದ ಇವಳಿಗೆ ಎರಡೂ ಬಗೆಯ ಪಟ್ಟಿ ಬರೆಯುವ ಕೆಲಸ ಬಿದ್ದದ್ದು ಅಕ್ಷರ ಮುದ್ದಾಗಿದೆಯೆಂಬ ಕಾರಣಕ್ಕೆ. ಟ್ರಂಪೆಟ್ಟು, ಸ್ಯಾಕ್ಸೋಫೋನಿನವರು ಇವತ್ತೊಂದು ದಿನಕ್ಕೆಂದು ಬಂದ ಹೊಸಬರು; ಕಾಗದದಲ್ಲಿ ಇದ್ದದ್ದನ್ನು ಊದುವವರು. ಕೊನೆಯ ಹಾಡು ಶುರುವಾಗುವುದೇ ಅವರಿಂದ. ಅವರ ಕೈಗೆ ಇವಳು ಕೊಟ್ಟದ್ದು ದೊಡ್ಡಮ್ಮನ ಪಟ್ಟಿಯ ಪ್ರತಿ.

ಹಾಡು ಮುಗಿದು ಚಪ್ಪಾಳೆ ಬೀಳುವಾಗ ಇವಳು ಮಾಮನತ್ತ ಅಂಗೈ ಕೆಳಮುಖ ಮಾಡಿ, ಶ್ರುತಿ ಎರಡು ಮನೆ ಇಳಿಸಬೇಕೆಂದು ಎರಡು ಸಲ ಇಳಿಸಿ ತೋರಿಸಿದಳು. ಮಾಮ ತಲೆಯಾಡಿಸಿ ತನ್ನ ಗಿಟಾರಿನ ಸದ್ದು ತಗ್ಗಿಸಿದ. ಮುಂದಿನ ಹಾಡಾದ ಮೇಲೆ ಮತ್ತೆ ತೋರಿಸಿದಳು. ಅವನು ಇನ್ನಷ್ಟು ತಗ್ಗಿಸಿದ. ಮೂರನೆಯ ಸಲ ಮೆಟ್ಟಿಲ ಹತ್ತಿರಕ್ಕೇ ಬಂದು ಬಾಗಿದ.

"ಇನ್ನೆಷ್ಟು ತಗ್ಗಿಸ್ಲಿ ಪುಟ್ಟಿ? ಗಿಟಾರು ಚೀಲಕ್ಕೆ ಹಾಕಿ ಮನೆಗೆ ಹೋಗ್ಬಿಡ್ಲಾ?"

"ಮಾಮ, ಅದಲ್ಲ, ಅದು..." ಎಂದಳು. ಅಷ್ಟರಲ್ಲಿ ಡ್ರಮ್ಮು ಶುರುವಾಗಿ ಅವನು ಹೊರಟುಹೋದ.

ಕೊನೆಗೂ ಕೊನೆಯ ಹಾಡು ಬಂತು. ಟ್ರಂಪೆಟ್ಟು ಎತ್ತರದಲ್ಲಿ ಮೊಳಗಿದ್ದೇ ತಡ, ಮಾಮನ ಮುಖ ಸುಣ್ಣ ಬಳಿದಂತಾಯಿತು; ಬೇರೆ ದಾರಿಯಿಲ್ಲದೆ ಅವನೂ ಉಳಿದವರೂ ಅದೇ ಶ್ರುತಿ ಹಿಡಿದರು. ದೊಡ್ಡಮ್ಮ ಒಂದು ಹುಬ್ಬನ್ನಷ್ಟೇ ಎತ್ತಿದಳು. ಹಾಡಿದಳು. ಮೊದಲ ಚರಣ ದಾಟಿತು, ಎರಡನೆಯದೂ ದಾಟಿತು, ಕತ್ತಿನ ನರ ಉಬ್ಬಿತು. ಏಣಿ ಹತ್ತುವ ಆ 'ಬಾ' ಬಂತು. ಇವಳು ಮೆಟ್ಟಿಲ ಮೇಲೆ ಕಣ್ಣು ಮುಚ್ಚಿಕೊಂಡಳು. ದನಿ ಏಣಿಯ ಒಂದು ಮೆಟ್ಟಿಲು ಹತ್ತಿತು, ಎರಡು, ಮೂರು; ಅಲ್ಲಿಗೆ ದೊಡ್ಡಮ್ಮ ನಿಂತುಬಿಟ್ಟಳು. ಮೈಕನ್ನು ಬಾಯಿಂದ ತೆಗೆದು ಮೈದಾನದ ಕಡೆ ಚಾಚಿದಳು.

ಜನ ಒಂದು ಗಳಿಗೆ ಕಕ್ಕಾಬಿಕ್ಕಿಯಾದರು. ಆಮೇಲೆ ಹುಲ್ಲಿನ ಮೇಲಿದ್ದ ಸಾವಿರಾರು ಮಂದಿ, ಅಪಸ್ವರದವರು, ಸೀನುತ್ತಿದ್ದವರು, ಹೆಗಲ ಮೇಲೆ ಮಗು ಹೊತ್ತವರು, ಎಲ್ಲರೂ "ಬಾ" ಎಂದು ಕೂಗಿದರು.

"ಪರವಾಗಿಲ್ಲ, ಕಲಿತಿದ್ದೀರಿ," ಎಂದಳು ದೊಡ್ಡಮ್ಮ ಮೈಕಿನಲ್ಲಿ. ಮೈದಾನವೆಲ್ಲ ನಕ್ಕಿತು.

ವೇದಿಕೆಯ ಹಿಂದಿನ ಡೇರೆಯಲ್ಲಿ ದೊಡ್ಡಮ್ಮ ಕಾಲುಗಳನ್ನು ತಣ್ಣೀರಿನ ಬಕೆಟ್ಟಿಗೆ ಇಳಿಬಿಟ್ಟು ಕೂತಿದ್ದಳು. ಮಾಮ ಕೈ ಕೈ ಹಿಸುಕಿಕೊಳ್ಳುತ್ತಿದ್ದ.

"ಅಕ್ಕ, ಆ ಸ್ಪೀಕರ್ರು ಸರಿಯಿರ್ಲಿಲ್ಲ. ಬಿಸಿಲಿಗೆ ಹಂಗಾಗತ್ತೆ."

"ಸ್ಪೀಕರ್ರು ಎರಡು ಮನೆ ಮೇಲೆ ಹೋಯ್ತೇನೋ?" ದೊಡ್ಡಮ್ಮ ಟವೆಲಿನಿಂದ ಕತ್ತು ಒರೆಸಿಕೊಂಡಳು. "ನೀನು ಇಳಿಸಿದ ದಿನವೇ ಗೊತ್ತಾಯ್ತು ಕಣೋ. ಅಷ್ಟು ಕಷ್ಟಪಟ್ಟು ಎರಡೆರಡು ಪಟ್ಟಿ ಮಾಡಿ ಮುಚ್ಚಿಡ್ತಿದ್ರಿ. ನಿಮ್ಮ ಮನಸ್ಸು ಯಾಕೆ ನೋಯಿಸ್ಲಿ ಅಂತ ಸುಮ್ಮನಿದ್ದೆ."

ಮಾಮ ಅಲ್ಲಿದ್ದ ಖಾಲಿ ಡಬ್ಬದ ಮೇಲೆ ಕುಸಿದು ಕೂತ. "ಆರು ವರ್ಷ?"

"ಆರು ವರ್ಷ. ಇವತ್ತು ಯಾರೋ ಮರೆತಿದ್ದಾರೆ. ಒಳ್ಳೆಯದೇ ಆಯ್ತು, ಹಳೆ ಮನೆ ಹೇಗಿದೆ ಅಂತ ನೋಡ್ಕೊಂಡು ಬಂದೆ." ಅವಳು ಡೇರೆಯ ಬಾಗಿಲಲ್ಲಿ ಡೈರಿಯನ್ನು ಎದೆಗೊತ್ತಿ ನಿಂತಿದ್ದವಳ ಕಡೆ ತಿರುಗಿದಳು. "ಮುದ್ದಾದ ಅಕ್ಷರದವಳೇ, ಬಾ ಇಲ್ಲಿ. ಇವನು ಬಿಡು, ನಲವತ್ತು ವರ್ಷದಿಂದ ಚೆನ್ನಾಗಿತ್ತು ಅಂತಲೇ ಹೇಳ್ತಾನೆ. ನೀನು ಎಲ್ಲಾ ಆ ಪುಸ್ತಕದಲ್ಲೇ ಬರೀತೀಯ. ಮೇಲೆ ಹೋಗಕ್ಕಾಗದ ಹಾಡನ್ನ ಮುಂದಿನ ವಾರದಿಂದ ಬಿಟ್ಟುಬಿಡೋಣ ಅಂತ ನನ್ನ ಲೆಕ್ಕ. ನೀನೇನಂತೀಯ?"

ನಗುತ್ತಲೇ ಕೇಳಿದ್ದಳು. ಆದರೆ ಬಕೆಟ್ಟಿನ ನೀರಲ್ಲಿ ಆಡುತ್ತಿದ್ದ ಕಾಲ್ಬೆರಳುಗಳು ನಿಂತಿದ್ದವು. ಇವಳ ಕೈ ತಾನಾಗಿ ಡೈರಿಯ ಪುಟ ಹುಡುಕಿತು. ಪೆನ್ನು ಮೆಟ್ಟಿಲ ಮೇಲೆಲ್ಲೋ ಬಿದ್ದುಹೋಗಿತ್ತು.

"ಚಿಕ್ಕವಳಿದ್ದಾಗ, ನೀನು ಅಷ್ಟು ಮೇಲೆ ಕೂಗೋದು ಕೇಳಿ, ಅದು ಜಗಳದ ಹಾಡು ಅಂದ್ಕೊಂಡಿದ್ದೆ ದೊಡ್ಡಮ್ಮ," ಎಂದಳು. "ಯಾರನ್ನೋ ಕರೀತಿದ್ದೀಯ ಅಂತ ಗೊತ್ತಾಗಿದ್ದು ನೀನು ಕೆಳಗೆ ಹಾಡೋಕೆ ಶುರು ಮಾಡಿದ ಮೇಲೇ. ಬಿಡ್ಬೇಡ, ಕೆಳಗೇ ಹಾಡು."