ಕುಬಸದ ಸೀರೆ

“ನಾ ಕಳಿಸಿಲ್ರಿ ಸಾಹೇಬ್ರ. ನನ್ನ ಕೇಳದನ ಕಾರು ಒಯ್ದಾನ.”

ಕುಷ್ಟಗಿಯ ಆಸ್ಪತ್ರೆಯ ಹಿಂದಿನ ಪಡಸಾಲೆಯಲ್ಲಿ ನಿಂತು ದಾಳಿಂಬೆ ವ್ಯಾಪಾರಿ ಕರಿಬಸಪ್ಪ ಸತ್ಯದ ತಲೆಯ ಮೇಲೆ ಹೊಡೆದಂತೆ ಪಿಎಸ್‌ಐಗೆ ಹೇಳಿದ. ನಾಲ್ಕು ಮಾರು ದೂರದಲ್ಲಿ ಸ್ಟ್ರೆಚರ್ ಮೇಲೆ ಹನುಮಂತಮ್ಮನ ಹೆಣ ಡಾಕ್ಟರಿಗಾಗಿ ಕಾದಿತ್ತು. ಕಳೆ ತೆಗೆಯುವ ಕೂಲಿಗೆ ಹೊರಟವಳು ರಸ್ತೆ ದಾಟುವಾಗ ಕರಿಬಸಪ್ಪನ ಕಾರಿಗೆ ಸಿಕ್ಕಿದ್ದಳು. ಗಂಡ ವಿರುಪಾಕ್ಷಿ ಅವಳ ಕಾಲ ಬಳಿ ಕುಕ್ಕರುಗಾಲಲ್ಲಿ ಕುಳಿತಿದ್ದ. ಹೆಣದ ಮೇಲೆ ಹೊಚ್ಚ ಹೊಸ ಹಸಿರು ರೇಷ್ಮೆ ಸೀರೆ ಹೊದಿಸಿತ್ತು.

ಕರಿಬಸಪ್ಪನ ಹೆಂಡತಿ ಶಿವಲೀಲಾ ಕಂಬಕ್ಕೆ ಆನಿಕೊಂಡಿದ್ದಳು. ನೋಡಬಾರದು ಎಂದುಕೊಂಡಷ್ಟೂ ಕಣ್ಣು ಆ ಸೀರೆಗೇ ಹೋಗುತ್ತಿತ್ತು. ಮಗಳ ಕುಬಸಕ್ಕೆಂದು ಅವಳೇ ಆರಿಸಿದ ಸೀರೆ ಅದು. ಚೊಚ್ಚಲ ಬಸುರಿಗೆ ತವರಿನ ಹಸಿರು ಸೀರೆ ಉಡಿಸದಿದ್ದರೆ ಅದೆಂಥ ಕುಬಸ? ಸೆರಗಿಗೆ ಕುಚ್ಚು ಕಟ್ಟಲು ಕುಷ್ಟಗಿಯ ನಾಹೀದಾಳಿಗೆ ಕೊಟ್ಟಿದ್ದನ್ನು ಮರೆತು, ಬೆಳಿಗ್ಗೆ ಎಲ್ಲರೂ ಕನಕಗಿರಿಯ ಬೀಗರ ಮನೆ ಸೇರಿದ್ದರು. ಬೀಗರಿಗೆ ಗೊತ್ತಾದರೆ ಮರ್ಯಾದೆ ಉಳಿಯುವುದಿಲ್ಲವೆಂದು ಕರಿಬಸಪ್ಪ ಡ್ರೈವರ್ ಕನಕರಾಜನನ್ನು ಹಿತ್ತಲಿಗೆ ಕರೆದು ಗುಟ್ಟಾಗಿ ಕುಷ್ಟಗಿಗೆ ಅಟ್ಟಿದ್ದ. ರಾಹುಕಾಲ ಹತ್ತುವುದರೊಳಗೆ ಬಂದು ಮುಟ್ಟಬೇಕೆಂದು ಮೇಲಿಂದ ಮೇಲೆ ಫೋನು ಬೇರೆ. ಸೀರೆ ತೆಗೆದುಕೊಂಡು ಮರಳುವಾಗ ಆ ಫೋನು ಕಿವಿಗಿಟ್ಟುಕೊಂಡೇ ಕನಕರಾಜ ಹನುಮಂತಮ್ಮನ ಮೇಲೆ ಕಾರು ಹತ್ತಿಸಿದ. ಬಿದ್ದವಳ ಮೈಮೇಲೆ ಬಟ್ಟೆ ನೆಟ್ಟಗಿರಲಿಲ್ಲ. ಕಾರಿನಲ್ಲಿ ಕೈಗೆ ಸಿಕ್ಕಿದ್ದು ಅದೊಂದೇ ಸೀರೆ, ಹೊದಿಸಿಬಿಟ್ಟ.

ಕಾರಿನ ಇನ್ಶೂರೆನ್ಸ್ ಮುಗಿದುಹೋಗಿತ್ತು. ಡ್ರೈವರ್ ಮಾಲಕನ ಕೆಲಸದ ಮೇಲೆ ಹೋಗಿದ್ದನೆಂದಾದರೆ ಪರಿಹಾರವೆಲ್ಲ ಮಾಲಕನ ಕೊರಳಿಗೇ ಬೀಳುತ್ತದೆ, ತೋಟ ಮಾರಬೇಕಾದೀತು ಎಂದು ಪರಿಚಯದ ವಕೀಲ ಹೆದರಿಸಿದ್ದ.

“ಹಿಂಗ್ಯಾಕ ಅಂತೀರಿ ಯಜಮಾನ್ರ?” ತಲೆಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಕನಕರಾಜ ಗೋಡೆ ಹಿಡಿದು ಎದ್ದ. “ಲಗೂನ ಬಾ, ಲಗೂನ ಬಾ ಅಂತ ಫೋನ್ ಮಾಡಿದವ್ರು ನೀವ ಅಲ್ಲೇನ್ರಿ?”

“ಫೋನ್ ಮಾಡಿದ್ದು ಖರೇನ. ನನ್ನ ಕಾರು ಎಲ್ಲಿ ಒಯ್ದೀಯೋ ಅಂತ ಕೇಳಾಕ ಮಾಡಿದ್ದೆ.”

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುತ್ತಾರೆ. ಕರಿಬಸಪ್ಪ ನಡುಹೊಳೆಯಲ್ಲೇ ಅಂಬಿಗನನ್ನು ನೂಕಿದ್ದ. ಕನಕರಾಜ ಮೂಲೆಗೆ ಹೋಗಿ ಕುಳಿತ.

ಪಿಎಸ್‌ಐ ಶರಣಬಸವ ಶಿವಲೀಲಾಳ ಕಡೆ ತಿರುಗಿದ. “ಅವ್ವಾರ, ಈ ಸೀರಿ ಕಾರಿನಾಗ ಇತ್ತಂತ. ನಿಮ್ಮದೇನ್ರಿ?”

ಕರಿಬಸಪ್ಪ ಕೆಮ್ಮಿದ. ಮೂವತ್ತು ವರ್ಷದ ಸಂಸಾರದಲ್ಲಿ ಆ ಕೆಮ್ಮಿನ ಅರ್ಥ ತಿಳಿಯದವಳೇನಲ್ಲ ಅವಳು.

“ಅಲ್ರಿ,” ಎಂದಳು.

ವಿರುಪಾಕ್ಷಿ ತಲೆಯೆತ್ತಿದ. “ಯಾರದೂ ಅಲ್ಲಂದ್ರ ಇದ್ನ ನನಗ ಕೊಡ್ರಿ ಸಾಹೇಬ್ರ. ನನ್ನ ಹೇಣ್ತಿ ಮುತ್ತೈದಿಯಾಗಿ ಹೋಗ್ಯಾಳ, ಹಸರ ಸೀರಿ ಉಡಿಸಿ ಕಳಸಬೇಕು. ಆಕಿ ಜೀವಮಾನದಾಗ ಇಂಥಾದ್ದು ಉಟ್ಟಿಲ್ಲ. ಇದ್ನ ಉಡಿಸಿ ಮಣ್ಣ ಮಾಡ್ತೀನಿ.”

ಶರಣಬಸವ ಕರಿಬಸಪ್ಪನ ಮುಖ ನೋಡಿದ.

“ಒಯ್ಯಲಿ ಬಿಡ್ರಿ. ನಮ್ಮದೇನ ಹೋಗೋದೈತಿ?” ಎಂದ ಕರಿಬಸಪ್ಪ.

ವಿರುಪಾಕ್ಷಿ ಎದ್ದು, ಜಾರಿದ ಸೀರೆಯನ್ನು ಹೆಂಡತಿಯ ಮೈಸುತ್ತ ಒತ್ತಿ ಸಿಕ್ಕಿಸತೊಡಗಿದ. ಸೆರಗು ಸ್ಟ್ರೆಚರ್‌ನಿಂದ ಇಳಿಬಿದ್ದು ನಾಹೀದಾ ಕಟ್ಟಿದ ಕುಚ್ಚುಗಳು ಅಲುಗಾಡಿದವು. ಶಿವಲೀಲಾ ಕಂಬ ಬಿಟ್ಟು ಮುಂದೆ ಬಂದಳು. ಕುಬಸದ ಸೀರೆ ಹೆಣದ ಜೊತೆ ಕುಣಿ ಸೇರಿದರೆ ಮಗಳ ಹೊಟ್ಟೆಯೊಳಗಿನ ಕೂಸಿನ ಗತಿಯೇನು?

“ಬ್ಯಾಡೋ ಯಪ್ಪಾ!” ಅವಳು ಕಿರುಚಿದಳು. “ಅದನ್ನ ಮಣ್ಣಾಗ ಇಡಬ್ಯಾಡ! ಅದು ನನ್ನ ಮಗಳ ಕುಬಸದ ಸೀರಿ. ತರಾಕ ನಾವ ಕಳಿಸಿದ್ವಿ!”

“ಲೇ!” ಎಂದ ಕರಿಬಸಪ್ಪ. ಅದು ಅವಳ ಕಿವಿಗೆ ಬೀಳಲೇ ಇಲ್ಲ. ಹೆಣ ಕಂಡು ಹೊರಡದ ನಿಜ ಸೀರೆಗಾಗಿ ಹೊರಟುಬಿಟ್ಟಿತ್ತು.

“ಇನ್ನೊಮ್ಮೆ ಹೇಳ್ರಿ ಅವ್ವಾರ,” ಎಂದು ಶರಣಬಸವ ಹತ್ತಿರ ಬಂದ. “ಯಾರು ಕಳಿಸಿದ್ರು?”

ಅವಳು ಗಂಡನ ಕಡೆ ಕೈ ತೋರಿಸಿ ಬಿಕ್ಕಿದಳು. ಮೂಲೆಯಲ್ಲಿ ಕನಕರಾಜನೂ ಅಳತೊಡಗಿದ.

ವಿರುಪಾಕ್ಷಿಗೆ ಈ ಮಾತುಗಳಲ್ಲಿ ತಿಳಿದದ್ದು ಒಂದೇ, ಸೀರೆ ಬಸುರಿ ಹೆಣ್ಣುಮಗಳದು. ಅವನು ಅದನ್ನು ಹೆಂಡತಿಯ ಮೈಮೇಲಿಂದ ಮೆಲ್ಲಗೆ ಎಳೆದು, ಮಡಚಿ, ಎರಡೂ ಕೈಯಲ್ಲಿ ಹಿಡಿದು ಶಿವಲೀಲಾಳ ಮುಂದೆ ನಿಂತ.

“ತಗೋರಿ ಅವ್ವಾ. ನಿಮ್ಮ ಮಗಳು ಸುಖವಾಗಿ ಹಡೀಲಿ.”

ಅವಳು ಕೈ ಚಾಚಿದಳು. ಮಡಿಕೆಯಲ್ಲಿ ರಕ್ತ ಕಂಡು ಹಿಂದೆಳೆದುಕೊಂಡಳು. ಅವನು ಸ್ವಲ್ಪ ಹೊತ್ತು ಕಾದು, ಸೀರೆಯನ್ನು ಅವಳ ಕಾಲ ಬಳಿ ನೆಲದ ಮೇಲಿಟ್ಟ. ಮರಳಿ ಹೋಗಿ ಹೆಗಲ ಮೇಲಿನ ಟವೆಲ್ ತೆಗೆದು ಹೆಂಡತಿಗೆ ಹೊದಿಸಿದ. ಮುಖ ಮುಚ್ಚಿದರೆ ಕಾಲು ಬಯಲಾಗುತ್ತಿತ್ತು, ಕಾಲು ಮುಚ್ಚಿದರೆ ಮುಖ.