ಬೇರೆ ಕುಟುಂಬ

‘ನಿಮ್ಮ ಮಗಳ ವಿಷಯ ಮಾತಾಡಬೇಕು’ ಎಂದದ್ದೇ ತಡ, ಪಕ್ಷಿಶಾಸ್ತ್ರದ ಪ್ರೊಫೆಸರು ನನ್ನನ್ನು ಮನೆ ಬಾಗಿಲಲ್ಲೇ ನಿಲ್ಲಿಸಿಕೊಂಡು ಗೋಡೆಯ ಮೇಲಿನ ಚಿತ್ರ ತೋರಿಸಿದರು.

“ಈ ಹಾಡುಹಕ್ಕಿಗೆ ಗಿಳಿಯ ಕೊಕ್ಕು, ಆದ್ರೆ ಗಿಳಿಯಲ್ಲ. ಮೊದಲು ಹರಟೆಮಲ್ಲ ಹಕ್ಕಿಗಳ ಜೊತೆ ಸೇರಿಸಿದ್ರು. ಡಿಎನ್‌ಎ ನೋಡಿ, ಇದು ಬೇರೆ ಕುಟುಂಬ ಅಂತ ತೆಗೆದುಹಾಕಿದ್ರು. ತಿಳೀತೇನಯ್ಯ?”

“ಏಳನೇ ಕ್ಲಾಸಿಗೇ ಬಿಟ್ಟವನು ಸಾರ್. ಬಿಡಿಸಿ ಹೇಳಿ.”

“ಜೊತೇಲಿ ಓಡಾಡಿದ ಮಾತ್ರಕ್ಕೆ ಒಂದೇ ಕುಟುಂಬ ಆಗಲ್ಲ ಕಣೋ! ನಿನ್ನ ಕುಟುಂಬದಲ್ಲಿ ಯಾರಾದ್ರೂ ಕಾಲೇಜಿನ ಮೆಟ್ಟಿಲು ಹತ್ತಿದ್ದಾರಾ?”



“ನಮ್ಮ ಕುಟುಂಬ ಎಂ.ಎಸ್ಸಿ. ಸಾರ್.”

“ಹೆಂಡ್ತಿ ಇಟ್ಕೊಂಡು ನನ್ನ ಮಗಳ ಹಿಂದೆ ಬಿದ್ದಿದ್ದೀಯೇನೋ, ಲಫಂಗ! ಎಲ್ಲಿ ಆ ನಿನ್ನ ಹೆಂಡ್ತಿ? ಕರಿ, ಅವಳ ಮುಂದೇನೇ ಚಪ್ಪಲೀಲಿ ಹೊಡೀತೀನಿ!”

“ನಿಮ್ಮ ಅಡುಗೆಮನೇಲಿ ಕಾಫಿ ಸೋಸ್ತಿದ್ದಾಳೆ, ಮಾವ.”