ಗೇರ್‌ಬಾಕ್ಸ್ ಬಿಚ್ಚಿದ ಮಧ್ಯಾಹ್ನ

ಕಾರು ಹಿಂದಕ್ಕೆ ಒಂದು ಗೇಣು ಜಾರಿತು. ಸ್ಟೀರಿಂಗ್ ಮುಂದೆ ಕೂತಿದ್ದ ಅವಳು ಎರಡೂ ಕಾಲಿನಿಂದ ಬ್ರೇಕ್ ಒತ್ತಿ ಹಿಡಿದಳು. ಗಂಡ ಕಾರಿನ ಕೆಳಗೆ ಅಡ್ಡಲಾಗಿ ಮಲಗಿ ಹಳೆಯ ಗೇರ್‌ಬಾಕ್ಸ್ ಬಿಚ್ಚುತ್ತಿದ್ದ. ಹ್ಯಾಂಡ್‌ಬ್ರೇಕ್ ಎಂದೋ ಕೆಟ್ಟಿತ್ತು. ಮನೆ ಮುಂದಿನ ಇಳಿಜಾರಿನಲ್ಲಿ ಕಾರನ್ನು ತಡೆದಿದ್ದದ್ದು ಗೇರ್ ಒಂದೇ. ಅದನ್ನು ಚಕ್ರಕ್ಕೆ ಜೋಡಿಸುವ ದಂಡವನ್ನು ಅವನು ಈಗಷ್ಟೇ ಕಳಚಿದ್ದ.

"ರೀ, ಹೊರಗೆ ಬನ್ನಿ."

"ಕೂತಲ್ಲೇ ಕುಣೀಬೇಡ ಕಣೇ. ಇನ್ನೊಂದೇ ಬೋಲ್ಟು."

ಪೆಡಲ್ ಅವಳ ಪಾದದಡಿ ಮೆಲ್ಲಗೆ ಕುಸಿಯುತ್ತಿತ್ತು. ಕಾರಣ ಹೇಳಿದರೆ ಅವನು ಮಲಗಿದಲ್ಲೇ ವಾದಕ್ಕಿಳಿಯುವ ಆಸಾಮಿ. ಮದುವೆಯಾದಂದಿನಿಂದ ಬಹುವಚನ ಬಿಟ್ಟು ಮಾತಾಡದವಳು ಗಂಟಲು ಹರಿಯುವಂತೆ ಕಿರುಚಿದಳು: "ಏಯ್! ಬಾರೋ ಹೊರಗೆ!"

ಮೈಯೆಲ್ಲ ಗ್ರೀಸಾಗಿ, ಮುಖ ಕೆಂಡವಾಗಿ ಅವನು ಸರಸರನೆ ತೆವಳಿ ಹೊರಬಂದ. "ಯಾರಿಗೇ ಬಾರೋ ಅಂದಿದ್ದು?" ಎನ್ನುವಷ್ಟರಲ್ಲಿ ಪೆಡಲ್ ತಳ ಮುಟ್ಟಿತು. ಅವನು ಮಲಗಿದ್ದ ಚಾಪೆಯನ್ನು ತುಳಿದುಕೊಂಡೇ ಕಾರು ಹಿಂದಕ್ಕೆ ಓಡಿ ಗೋಡೆಗೆ ಬಡಿಯಿತು.

ಅವನು ಓಡಿಬಂದು ಬಾಗಿಲು ತೆಗೆದ. ಅವಳು ಇನ್ನೂ ಪೆಡಲ್ ಒತ್ತಿಯೇ ಕೂತಿದ್ದಳು.

"ನಿಂತಿದೆ, ನಿಂತಿದೆ ಕಣೇ," ಎನ್ನುತ್ತ ಅವನು ಮಂಡಿಯೂರಿ, ಅವಳ ಪಾದಗಳನ್ನು ಒಂದೊಂದಾಗಿ ಎತ್ತಿ ಕೆಳಗಿಟ್ಟ.